ಲ್ಯಾಪ್‌ಟಾಪ್‌ಗೆ ವಿದ್ಯುತ್ ಮಿತಿ: ಬ್ಯಾಟರಿ ಬಾಳಿಕೆಯ ಲೆಕ್ಕಾಚಾರ

ಶಿಕಾರಿಪುರ, ಸೊರಬ ತಾಲ್ಲೂಕುಗಳ ವರ್ತಕರು ಹಾಗೂ ಕಿರು ಉದ್ದಿಮೆದಾರರ ಗಮನಕ್ಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವ್ಯಾಪಾರವು ಮುಖ್ಯವಾಗಿ ಅಡಿಕೆ, ಭತ್ತ, ಮೆಕ್ಕೆಜೋಳ ಹಾಗೂ ಶುಂಠಿಯನ್ನು ಅವಲಂಬಿಸಿದೆ. ಈ ಎರಡು ಪಟ್ಟಣಗಳಲ್ಲಿ ಮಾತ್ರವಲ್ಲದೆ ಶಿರಾಳಕೊಪ್ಪ, ಆನವಟ್ಟಿಯಂತಹ ಪೇಟೆಗಳ ಮಂಡಿ, ಅಂಗಡಿ, ಅಕ್ಕಿ ಗಿರಣಿಗಳಲ್ಲಿಯೂ ಖಾತೆ ಪುಸ್ತಕದ ಸ್ಥಾನವನ್ನು ಗಣಕಯಂತ್ರ ಆಕ್ರಮಿಸಿಕೊಂಡಿದೆ. ಮೌಲ್ಯವರ್ಧಿತ ತೆರಿಗೆಯ ಕಾಲದ ಇ-ಸುಗಮದಿಂದಲೇ ರಾಜ್ಯದ ವರ್ತಕರು ಸಾಗಣೆ ದಾಖಲೆಯನ್ನು ಅಂತರ್ಜಾಲದ ಮೂಲಕ ಪಡೆಯಲು ಕಲಿತರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಯಿತು. ಅಡಿಕೆಯಂತಹ ತೆರಿಗೆಗೆ ಒಳಪಟ್ಟ ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿದರೆ ಈ ಬಿಲ್ ಇಲ್ಲದೆ ಲಾರಿ ಮಂಡಿಯ ಆವರಣ ಬಿಡುವಂತಿಲ್ಲ.

ಇದರೊಂದಿಗೆ ಗಡುವಿನ ದಿನಗಳೂ ಇವೆ. ಪ್ರತಿ ತಿಂಗಳು ವಿವರ ಸಲ್ಲಿಸುವ ವರ್ತಕರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ನಮೂನೆಯನ್ನು, 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ನಮೂನೆಯನ್ನು ಸಲ್ಲಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ. ತೆರಿಗೆ ಬಾಕಿಯಿದ್ದರೆ ಅದರ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರದ ಕೊಂಬೆ ಬಿದ್ದು ವಿದ್ಯುತ್ ಸರಬರಾಜು ಗಂಟೆಗಟ್ಟಲೆ ನಿಲ್ಲುವುದು ಮಲೆನಾಡಿನ ಸೆರಗಿನಲ್ಲಿರುವ ಈ ತಾಲ್ಲೂಕುಗಳಿಗೆ ಹೊಸತೇನಲ್ಲ. ಮಳೆ ಕೈಕೊಟ್ಟ ವರ್ಷವೂ ತೊಂದರೆ ತಪ್ಪುವುದಿಲ್ಲ. 2023ರ ಬರಗಾಲದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ ಇಡೀ ರಾಜ್ಯವೇ ವಿದ್ಯುತ್ ಅಭಾವವನ್ನು ಎದುರಿಸಿತು. ಇಂತಹ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇನ್ನೊಂದು ಗಂಟೆ ನಿಂತರೆ ಒಂದು ಲೋಡು ಹೊರಡುತ್ತದೆ, ಒಂದು ವಿವರಪಟ್ಟಿ ಸಕಾಲದಲ್ಲಿ ಸಲ್ಲಿಕೆಯಾಗುತ್ತದೆ.

ಹೊಸ ಬ್ಯಾಟರಿಯನ್ನಾಗಲಿ ಹೊಸ ಯಂತ್ರವನ್ನಾಗಲಿ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಉಪಾಯವನ್ನು ಪರಿಶೀಲಿಸಬಹುದು. ಅದೇ ಲ್ಯಾಪ್‌ಟಾಪಿನ ಪ್ರೊಸೆಸರ್ ಬಳಸುವ ವಿದ್ಯುತ್ತಿಗೆ ಮಿತಿ ಹಾಕುವುದು. ಇದರಿಂದ ಎಷ್ಟು ಲಾಭ, ಯಾರಿಗೆ ಲಾಭ, ಎಲ್ಲಿ ನಷ್ಟ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೆರೆ ಮತ್ತು ತೂಬು

ಬ್ಯಾಟರಿಯಲ್ಲಿ ಸಂಗ್ರಹವಾಗುವ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಇದು ಕೆರೆಯಲ್ಲಿ ನಿಂತ ನೀರಿದ್ದಂತೆ. ಯಂತ್ರವು ಬಳಸುವ ವಿದ್ಯುತ್ತನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. ಇದು ತೂಬಿನಿಂದ ಹರಿದು ಹೋಗುವ ನೀರಿದ್ದಂತೆ. ತೂಬನ್ನು ಎಷ್ಟು ತೆರೆದಿದ್ದೇವೆ ಎಂಬುದರ ಮೇಲೆ ಕೆರೆ ಎಷ್ಟು ದಿನ ಬಾಳುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಕೆಲವು ಬ್ಯಾಟರಿಗಳ ಮೇಲೆ ವ್ಯಾಟ್-ಗಂಟೆಯ ಬದಲು ವೋಲ್ಟ್ ಮತ್ತು ಮಿಲಿ ಆಂಪಿಯರ್-ಗಂಟೆಗಳನ್ನು ಮಾತ್ರ ಮುದ್ರಿಸಿರುತ್ತಾರೆ. ಎರಡನ್ನೂ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. ಉದಾಹರಣೆಗೆ, 11.4 ವೋಲ್ಟ್ ಮತ್ತು 4,000 ಮಿಲಿ ಆಂಪಿಯರ್-ಗಂಟೆ ಎಂದಿದ್ದರೆ ಸಾಮರ್ಥ್ಯ 45.6 ವ್ಯಾಟ್-ಗಂಟೆ. ಮುಂದಿನ ಲೆಕ್ಕಗಳಿಗೆ 45 ವ್ಯಾಟ್-ಗಂಟೆಯ ಬ್ಯಾಟರಿಯನ್ನೇ ಇಟ್ಟುಕೊಳ್ಳಲಾಗಿದೆ.

ವಿದ್ಯುತ್ ಬಳಸುವ ಭಾಗಗಳು ಹಲವು: ಪರದೆ, ವೈ-ಫೈ, ಸಂಗ್ರಹ ಸಾಧನ, ಫ್ಯಾನ್, ಪ್ರೊಸೆಸರ್. ಪರದೆಯ ಬಳಕೆಯನ್ನು ನಿರ್ಧರಿಸುವುದು ಅದರ ಬೆಳಕು. ಪ್ರೊಸೆಸರಿನ ಸ್ವಭಾವ ಬೇರೆ. ಕೆಲಸವಿಲ್ಲದಾಗ ಅದು ಒಂದೆರಡು ವ್ಯಾಟ್‌ಗಳಲ್ಲಿ ಸುಮ್ಮನಿರುತ್ತದೆ. ಭಾರದ ಕೆಲಸ ಬಂದ ಕೂಡಲೇ ಉಳಿದೆಲ್ಲ ಭಾಗಗಳ ಒಟ್ಟು ಬಳಕೆಯ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ.

ವಿದ್ಯುತ್ ಮಿತಿ ಎಂದರೇನು?

ಇಂದಿನ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ. ಒಂದು, ನಿರಂತರವಾಗಿ ಬಳಸಬಹುದಾದ ವಿದ್ಯುತ್ತಿನ ಮಿತಿ. ಇನ್ನೊಂದು, ಅರೆಗಳಿಗೆ ಮಾತ್ರ ಬಳಸಬಹುದಾದ ಹೆಚ್ಚಿನ ಮಿತಿ. ಈ ಅರೆಗಳಿಗೆಯ ವೇಗಕ್ಕೆ ಟರ್ಬೊ ಎಂದು ಹೆಸರು. ಇಂಟೆಲ್ ಸಂಸ್ಥೆಯ ಕೋರ್ ಐ5-1235ಯು ಪ್ರೊಸೆಸರನ್ನು ತೆಗೆದುಕೊಂಡರೆ, ತಯಾರಕರೇ ನೀಡಿರುವ ವಿವರದಂತೆ ಅದರ ಮೂಲ ವಿದ್ಯುತ್ 15 ವ್ಯಾಟ್, ಗರಿಷ್ಠ ಟರ್ಬೊ ವಿದ್ಯುತ್ 55 ವ್ಯಾಟ್. 2017ರಲ್ಲಿ ಬಿಡುಗಡೆಯಾದ, ಹಳೆಯ ಲ್ಯಾಪ್‌ಟಾಪುಗಳಲ್ಲಿ ಈಗಲೂ ಕಂಡುಬರುವ ಕೋರ್ ಐ5-8250ಯು ಪ್ರೊಸೆಸರಿನ ಮೂಲ ವಿದ್ಯುತ್ ಕೂಡ 15 ವ್ಯಾಟ್. ಲ್ಯಾಪ್‌ಟಾಪ್ ತಯಾರಕರು ಅದನ್ನು 10 ವ್ಯಾಟ್‌ಗೆ ಇಳಿಸಲೂ 25 ವ್ಯಾಟ್‌ಗೆ ಏರಿಸಲೂ ಅವಕಾಶವಿದೆ. ಎಎಂಡಿ ಸಂಸ್ಥೆಯ ರೈಜನ್ 5 5500ಯು ಪ್ರೊಸೆಸರಿಗೂ 10ರಿಂದ 25 ವ್ಯಾಟ್‌ವರೆಗಿನ ಅವಕಾಶವಿದೆ. ಅಂದರೆ ಒಂದೇ ಪ್ರೊಸೆಸರು ಬೇರೆ ಬೇರೆ ಮಿತಿಗಳಲ್ಲಿ ಕೆಲಸ ಮಾಡುವಂತೆಯೇ ರೂಪುಗೊಂಡಿರುತ್ತದೆ. ಮಿತಿಯನ್ನು ಇಳಿಸುವುದರಿಂದ ಅದಕ್ಕೆ ಯಾವ ಹಾನಿಯೂ ಇಲ್ಲ.

ಮಿತಿ ಇಳಿಸಿದರೆ ವಿದ್ಯುತ್ ಉಳಿಯುವುದರ ಹಿಂದೆ ಒಂದು ಸರಳ ಗಣಿತವಿದೆ. ಪ್ರೊಸೆಸರು ಕೆಲಸಕ್ಕೆ ಬಳಸುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ವೇಗವನ್ನು ಶೇ. 10ರಷ್ಟು ತಗ್ಗಿಸಿ, ಅದರೊಂದಿಗೆ ವೋಲ್ಟೇಜೂ ಶೇ. 10ರಷ್ಟು ತಗ್ಗಿದರೆ ಈ ವಿದ್ಯುತ್ ಬಳಕೆ ಸುಮಾರು ಶೇ. 27ರಷ್ಟು ಇಳಿಯುತ್ತದೆ. ವೇಗದಲ್ಲಿ ಬಿಟ್ಟುಕೊಡುವುದು ಹತ್ತು ಪಾಲು, ವಿದ್ಯುತ್ತಿನಲ್ಲಿ ಉಳಿಯುವುದು ಇಪ್ಪತ್ತೇಳು ಪಾಲು. ವರ್ತಕರ ದೃಷ್ಟಿಯಿಂದ ಇದು ಲಾಭದ ವ್ಯವಹಾರವೇ ಸರಿ. ಆದರೆ ಈ ಲಾಭಕ್ಕೂ ಒಂದು ಎಲ್ಲೆಯಿದೆ.

ಲಾರಿಯ ದೃಷ್ಟಾಂತ

ಅಡಿಕೆ ಮೂಟೆ ಹೇರಿದ ಲಾರಿಯೊಂದು ಶಿರಾಳಕೊಪ್ಪದಿಂದ ಶಿವಮೊಗ್ಗಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಚಾಲಕನು ಅತಿ ವೇಗವಾಗಿ ಓಡಿಸಿದರೆ ಡೀಸೆಲ್ ಹೆಚ್ಚು ಉರಿಯುತ್ತದೆ. ಹದವಾದ ವೇಗದಲ್ಲಿ ಹೋದರೆ ಉಳಿತಾಯವಾಗುತ್ತದೆ. ಆದರೆ ಎತ್ತಿನ ಗಾಡಿಯಂತೆ ತೆವಳಿಸಿದರೆ ಎಂಜಿನ್ ದಿನವಿಡೀ ಸುಮ್ಮನೆ ಉರಿಯುತ್ತದೆ. ಚಾಲಕ, ಕ್ಲೀನರ್ ಭತ್ಯೆಯೂ ಏರುತ್ತದೆ. ಲ್ಯಾಪ್‌ಟಾಪಿನ ಪರದೆ, ವೈ-ಫೈ ಮೊದಲಾದವು ಎಳೆಯುವ ವಿದ್ಯುತ್ತು ಈ ಭತ್ಯೆಯಂತೆ. ಕೆಲಸ ಬೇಗ ಮುಗಿಯಲಿ, ತಡವಾಗಲಿ, ಯಂತ್ರ ಚಾಲೂ ಇರುವಷ್ಟು ಹೊತ್ತೂ ಅದನ್ನು ತೆರಲೇಬೇಕು.

ಈ ಮಾತನ್ನು ಅಂಕಿಗಳಲ್ಲಿ ನೋಡಬಹುದು. ಕೆಳಗಿನವು ವಿವರಣೆಗಾಗಿ ಇಟ್ಟುಕೊಂಡ ಅಂಕಿಗಳು. ಯಂತ್ರದಿಂದ ಯಂತ್ರಕ್ಕೆ ಇವು ಬದಲಾಗುತ್ತವೆ. ಪ್ರೊಸೆಸರ್ ಹೊರತುಪಡಿಸಿ ಉಳಿದ ಭಾಗಗಳ ಬಳಕೆ 6 ವ್ಯಾಟ್ ಎಂದೂ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಒಂದು ಭಾರದ ಕೆಲಸವನ್ನು ಮತ್ತೆ ಮತ್ತೆ ಮಾಡಲಾಗುತ್ತದೆ ಎಂದೂ ಭಾವಿಸೋಣ.

ಮಿತಿ 25 ವ್ಯಾಟ್: ಒಂದು ಕೆಲಸಕ್ಕೆ 10 ನಿಮಿಷ. ಒಟ್ಟು ಬಳಕೆ 31 ವ್ಯಾಟ್. ಬ್ಯಾಟರಿ ನಿಲ್ಲುವುದು 1 ಗಂಟೆ 27 ನಿಮಿಷ. ಮುಗಿಯುವ ಕೆಲಸ ಸುಮಾರು 8.7.

ಮಿತಿ 15 ವ್ಯಾಟ್: ಒಂದು ಕೆಲಸಕ್ಕೆ 13 ನಿಮಿಷ. ಒಟ್ಟು ಬಳಕೆ 21 ವ್ಯಾಟ್. ಬ್ಯಾಟರಿ ನಿಲ್ಲುವುದು 2 ಗಂಟೆ 8 ನಿಮಿಷ. ಮುಗಿಯುವ ಕೆಲಸ ಸುಮಾರು 9.9.

ಮಿತಿ 10 ವ್ಯಾಟ್: ಒಂದು ಕೆಲಸಕ್ಕೆ 17 ನಿಮಿಷ. ಒಟ್ಟು ಬಳಕೆ 16 ವ್ಯಾಟ್. ಬ್ಯಾಟರಿ ನಿಲ್ಲುವುದು 2 ಗಂಟೆ 48 ನಿಮಿಷ. ಮುಗಿಯುವ ಕೆಲಸ ಸುಮಾರು 9.9.

ಮಿತಿ 5 ವ್ಯಾಟ್: ಒಂದು ಕೆಲಸಕ್ಕೆ 35 ನಿಮಿಷ. ಒಟ್ಟು ಬಳಕೆ 11 ವ್ಯಾಟ್. ಬ್ಯಾಟರಿ ನಿಲ್ಲುವುದು 4 ಗಂಟೆ 5 ನಿಮಿಷ. ಮುಗಿಯುವ ಕೆಲಸ ಕೇವಲ 7.

ಕೊನೆಯ ಸಾಲನ್ನು ವಿಶೇಷವಾಗಿ ಗಮನಿಸಬೇಕು. ಬ್ಯಾಟರಿ ನಾಲ್ಕು ಗಂಟೆ ನಿಂತಿತೆಂದು ಸಂತೋಷಪಡಬಹುದು. ಆದರೆ ಮೊದಲಿನ 25 ವ್ಯಾಟ್‌ನಲ್ಲಿ ಆಗುತ್ತಿದ್ದಷ್ಟು ಕೆಲಸವೂ ಆಗಲಿಲ್ಲ. ಆದ್ದರಿಂದ ಬ್ಯಾಟರಿ ಎಷ್ಟು ಗಂಟೆ ನಿಂತಿತು ಎಂದು ಅಳೆದರೆ ಸಾಲದು. ಒಮ್ಮೆ ತುಂಬಿಸಿದ ಬ್ಯಾಟರಿಯಲ್ಲಿ ಎಷ್ಟು ಕೆಲಸ ಮುಗಿಯಿತು ಎಂದು ಅಳೆಯಬೇಕು. ಈ ಉದಾಹರಣೆಯಲ್ಲಿ 10 ಮತ್ತು 15 ವ್ಯಾಟ್‌ಗಳಲ್ಲಿ ಮುಗಿಯುವ ಕೆಲಸ ಒಂದೇ ಸಮ. ಹಾಗಿರುವಾಗ ಬೇಗ ಮುಗಿಸುವ 15 ವ್ಯಾಟ್ ಮಿತಿಯೇ ಮಂಡಿಯ ಕೆಲಸಕ್ಕೆ ಮೇಲು.

ಯಾರಿಗೆ ಉಪಯೋಗ?

ಬಿಲ್ ಬರೆಯುವುದು, ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶದಲ್ಲಿ ಜಮಾ-ಖರ್ಚು ನಮೂದಿಸುವುದು, ತೆರಿಗೆ ಜಾಲತಾಣದಲ್ಲಿ ವಿವರ ತುಂಬುವುದು ಪ್ರೊಸೆಸರಿಗೆ ಹಗುರವಾದ ಕೆಲಸಗಳು. ಬಹುಪಾಲು ಹೊತ್ತು ಅದು ಮುಂದಿನ ಕೀಲಿ ಒತ್ತುವುದನ್ನೇ ಕಾಯುತ್ತಿರುತ್ತದೆ. ಇಂತಹ ಬಳಕೆಯಲ್ಲಿ ಯಂತ್ರದ ಒಟ್ಟು ಬಳಕೆ 8 ವ್ಯಾಟ್ ಎಂದುಕೊಂಡರೆ ಬ್ಯಾಟರಿ 5 ಗಂಟೆ 37 ನಿಮಿಷ ನಿಲ್ಲುತ್ತದೆ. ಮಿತಿ ಹಾಕಿ ಅರ್ಧ ವ್ಯಾಟ್ ಉಳಿಸಿದರೆ 6 ಗಂಟೆ. ಅಂದರೆ ಲಾಭ ಇಪ್ಪತ್ತು ನಿಮಿಷಗಳ ಆಸುಪಾಸು. ಪರದೆಯ ಬೆಳಕನ್ನು ತಗ್ಗಿಸಿದರೆ ಇದಕ್ಕಿಂತ ಹೆಚ್ಚು ಉಳಿಯಬಹುದು. ಹಗುರ ಕೆಲಸದವರು ಮೊದಲು ಕೈ ಹಾಕಬೇಕಾದದ್ದು ಪರದೆಗೆ.

ಆದರೆ ಹಗುರ ಕೆಲಸದ ನಡುವೆಯೂ ಕಾಣದ ಭಾರಗಳಿರುತ್ತವೆ. ವೈರಸ್ ತಪಾಸಣೆ, ವಿಂಡೋಸ್ ನವೀಕರಣ, ಬ್ರೌಸರಿನಲ್ಲಿ ತೆರೆದಿಟ್ಟ ಹತ್ತಾರು ಪುಟಗಳು ಆಗಾಗ ಪ್ರೊಸೆಸರನ್ನು ಟರ್ಬೊ ವೇಗಕ್ಕೆ ಏರಿಸುತ್ತವೆ. ಮಿತಿಯಿದ್ದರೆ ಈ ಏರಿಕೆಗೆ ಕಡಿವಾಣ ಬೀಳುತ್ತದೆ. ಫ್ಯಾನಿನ ಸದ್ದೂ ಇಳಿಯುತ್ತದೆ.

ನಿಜವಾದ ಲಾಭ ಭಾರದ ಕೆಲಸದವರಿಗೆ. ವರ್ಷಾಂತ್ಯದಲ್ಲಿ ದೊಡ್ಡ ಎಕ್ಸೆಲ್ ಹಾಳೆಗಳನ್ನು ಹೊಂದಾಣಿಕೆ ಮಾಡುವ ಲೆಕ್ಕಿಗರು, ಮುದ್ರಣಾಲಯದವರು, ಯಂತ್ರದ ಬಿಡಿಭಾಗಗಳ ನಕ್ಷೆ ತಯಾರಿಸುವ ವರ್ಕ್‌ಶಾಪುಗಳು ಈ ಗುಂಪಿಗೆ ಸೇರುತ್ತವೆ. ಸೊರಬ ಮತ್ತು ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಹೆಸರಾಂತ ಕಸುಬು. ಮರದ ಕೆಲಸದವರಲ್ಲಿ ಯಾರೇ ಆಗಲಿ ವಿನ್ಯಾಸವನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ರೂಪಿಸತೊಡಗಿದರೆ ಅವರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಹಳೆಯ ಬ್ಯಾಟರಿಯವರಿಗೆ ಇನ್ನೊಂದು ಪ್ರಯೋಜನವಿದೆ. ವಯಸ್ಸಾದ ಬ್ಯಾಟರಿಯ ಒಳ ಪ್ರತಿರೋಧ ಹೆಚ್ಚಿರುತ್ತದೆ. ಪ್ರೊಸೆಸರು ಏಕಾಏಕಿ ಹೆಚ್ಚು ವಿದ್ಯುತ್ ಎಳೆದಾಗ ಅದರ ವೋಲ್ಟೇಜು ಕುಸಿಯುತ್ತದೆ. ಪರದೆಯ ಮೇಲೆ ಶೇ. 20 ಎಂದು ತೋರಿಸುತ್ತಿರುವಾಗಲೇ ಯಂತ್ರ ದಿಢೀರನೆ ಆರಿಹೋಗಲು ಇದೂ ಒಂದು ಕಾರಣ. ಅರ್ಧ ನಮೂದಿಸಿದ ಲೆಕ್ಕ ಹಾಳಾಗುವುದು ಇಂತಹ ಸಂದರ್ಭದಲ್ಲಿಯೇ. ಟರ್ಬೊ ಮಿತಿಯನ್ನು ಇಳಿಸಿದರೆ ಈ ಹಠಾತ್ ಸೆಳೆತ ಕಡಿಮೆಯಾಗುತ್ತದೆ. ಉಳಿದ ಶಕ್ತಿಯನ್ನು ಕೊನೆಯವರೆಗೂ ಬಳಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಮಿತಿ ಹಾಕುವ ಬಗೆ

ಸುಲಭದಿಂದ ಕಠಿಣಕ್ಕೆ ಸಾಗುವ ಮೂರು ದಾರಿಗಳಿವೆ.

1. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಪವರ್ ಅಂಡ್ ಬ್ಯಾಟರಿ ಎಂಬಲ್ಲಿಗೆ ಹೋಗಿ ಪವರ್ ಮೋಡ್‌ನಲ್ಲಿ 'ಬೆಸ್ಟ್ ಪವರ್ ಎಫಿಶಿಯೆನ್ಸಿ' ಆಯ್ಕೆ ಮಾಡುವುದು. ಅನೇಕ ಲ್ಯಾಪ್‌ಟಾಪ್ ತಯಾರಕರ ಸ್ವಂತ ತಂತ್ರಾಂಶದಲ್ಲಿಯೂ 'ಸೈಲೆಂಟ್', 'ಕ್ವೈಟ್' ಮುಂತಾದ ಹೆಸರಿನಲ್ಲಿ ಇಂತಹದೇ ಆಯ್ಕೆಯಿರುತ್ತದೆ. ಇದು ಅಪಾಯವಿಲ್ಲದ ದಾರಿ. ಹೆಚ್ಚಿನವರಿಗೆ ಇಷ್ಟೇ ಸಾಕು.

2. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಎಂಬ ವಿಭಾಗವಿದ್ದರೆ, ಅದರ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು ಬ್ಯಾಟರಿಯ ಬಳಕೆಗೆ ಮಾತ್ರ ಶೇ. 99ಕ್ಕೆ ಇಳಿಸುವುದು. ಒಂದೇ ಅಂಶ ಇಳಿಸಿದಂತೆ ಕಂಡರೂ ಬಹುತೇಕ ಯಂತ್ರಗಳಲ್ಲಿ ಇದು ಟರ್ಬೊವನ್ನೇ ನಿಲ್ಲಿಸುತ್ತದೆ. ಮೂಲ ವೇಗ ಕಡಿಮೆಯಿರುವ ಪ್ರೊಸೆಸರುಗಳಲ್ಲಿ ಇದರಿಂದ ಯಂತ್ರ ಬಹಳ ನಿಧಾನವಾದೀತು. ಮೇಲೆ ಹೇಳಿದ ಐ5-1235ಯು ಪ್ರೊಸೆಸರಿನ ಪ್ರಧಾನ ಕೋರ್‌ಗಳ ಮೂಲ ವೇಗ 1.3 ಗಿಗಾಹರ್ಟ್ಸ್ ಮಾತ್ರ. ಟರ್ಬೊದಲ್ಲಿ ಅದು 4.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಹೊಸ ಯಂತ್ರಗಳು ಕೆಲವದರಲ್ಲಿ ಈ ವಿಭಾಗ ಕಾಣಿಸುವುದೇ ಇಲ್ಲ.

3. ವ್ಯಾಟ್ ಲೆಕ್ಕದಲ್ಲಿಯೇ ಮಿತಿ ಹಾಕುವುದು. ಇಂಟೆಲ್ ಪ್ರೊಸೆಸರುಗಳಿಗೆ ಥ್ರಾಟಲ್‌ಸ್ಟಾಪ್, ಎಎಂಡಿಯ ಕೆಲವಕ್ಕೆ ರೈಜನ್ಎಡಿಜೆ ಎಂಬ ತಂತ್ರಾಂಶಗಳು ಬಳಕೆಯಲ್ಲಿವೆ. ಇಂಟೆಲ್ ಪ್ರೊಸೆಸರಿನ ಲಿನಕ್ಸ್ ಯಂತ್ರಗಳಲ್ಲಿ ಈ ಸೌಲಭ್ಯ ಕಾರ್ಯಾಚರಣ ವ್ಯವಸ್ಥೆಯೊಳಗೇ ಇರುತ್ತದೆ. ಕೆಲವು ತಯಾರಕರು ಈ ಮಿತಿಗಳನ್ನು ಬೀಗ ಹಾಕಿಟ್ಟಿರುತ್ತಾರೆ. ಅಲ್ಲಿ ಈ ಪ್ರಯತ್ನ ಫಲಿಸದು. ಮತ್ತೆ ಕೆಲವು ಯಂತ್ರಗಳಲ್ಲಿ ನಿದ್ರೆಯಿಂದ ಎಬ್ಬಿಸಿದಾಗ ಅಥವಾ ಪುನಃ ಚಾಲೂ ಮಾಡಿದಾಗ ಹಳೆಯ ಮಿತಿಯೇ ಮರಳುತ್ತದೆ. ನಿರಂತರ ಮಿತಿಯನ್ನು ಪ್ರೊಸೆಸರಿನ ಮೂಲ ವಿದ್ಯುತ್ತಿಗೆ, ಅಂದರೆ ಸಾಮಾನ್ಯವಾಗಿ 15 ವ್ಯಾಟ್‌ಗೆ ಇರಿಸಿ, ಟರ್ಬೊ ಮಿತಿಯನ್ನು ಅದಕ್ಕಿಂತ ಸ್ವಲ್ಪವೇ ಮೇಲೆ ಇಟ್ಟು ಆರಂಭಿಸುವುದು ಕ್ಷೇಮ. ಬಳಿಕ ಒಂದೆರಡು ವ್ಯಾಟ್‌ಗಳಂತೆ ಇಳಿಸುತ್ತಾ ನೋಡಬಹುದು.

ಎಚ್ಚರಿಕೆಯ ಅಂಶಗಳು

ವಿದ್ಯುತ್ ಮಿತಿ ಇಳಿಸುವುದು ಬೇರೆ, ವೋಲ್ಟೇಜನ್ನೇ ನೇರವಾಗಿ ಇಳಿಸುವುದು ಬೇರೆ. ಎರಡನೆಯದರಲ್ಲಿ ಅಳತೆ ತಪ್ಪಿದರೆ ಯಂತ್ರ ನಡುವೆಯೇ ಸ್ಥಗಿತಗೊಳ್ಳುತ್ತದೆ. ಲೆಕ್ಕಪತ್ರದ ಕಡತ ಕೆಡುವ ಸಂಭವವೂ ಇದೆ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಹಿರಂಗವಾದ ಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಸೌಲಭ್ಯವನ್ನು ಮುಚ್ಚಲಾಯಿತು. ವ್ಯಾಪಾರದ ಲೆಕ್ಕ ಇರುವ ಯಂತ್ರದಲ್ಲಿ ವೋಲ್ಟೇಜಿನ ಗೊಡವೆಗೆ ಹೋಗದಿರುವುದು ಒಳಿತು.

ತಂತ್ರಾಂಶವನ್ನು ಮೂಲ ತಯಾರಕರ ತಾಣದಿಂದಲ್ಲದೆ ಬೇರೆಡೆಯಿಂದ ಇಳಿಸಿಕೊಳ್ಳಬಾರದು. ಬದಲಾವಣೆಗೆ ಮೊದಲು ಲೆಕ್ಕಪತ್ರದ ಪ್ರತಿಯನ್ನು ಬೇರೆ ಸಾಧನದಲ್ಲಿ ಉಳಿಸಿಕೊಳ್ಳಬೇಕು. ಖಾತರಿ ಅವಧಿಯಲ್ಲಿರುವ ಯಂತ್ರಕ್ಕೆ ಮೂರನೆಯ ದಾರಿ ಹಿಡಿಯುವ ಮುನ್ನ ಮಾರಾಟಗಾರರನ್ನು ಕೇಳಿಕೊಳ್ಳುವುದು ಸೂಕ್ತ. ಮಿತಿ ಬ್ಯಾಟರಿಯ ಬಳಕೆಗೆ ಮಾತ್ರ ಇರಲಿ. ಕರೆಂಟ್ ಇರುವಾಗ ಪೂರ್ಣ ವೇಗವನ್ನು ಕಳೆದುಕೊಳ್ಳಬೇಕಾದ ಕಾರಣವಿಲ್ಲ.

ಲಾಭವನ್ನು ಅಳೆದೇ ನೋಡಬೇಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶದ ಮೂಲಕ ಬ್ಯಾಟರಿ ವರದಿಯನ್ನು ಪಡೆಯಬಹುದು. ಬ್ಯಾಟರಿಯ ಮೂಲ ಸಾಮರ್ಥ್ಯವೆಷ್ಟು, ಈಗ ಪೂರ್ತಿ ತುಂಬಿದರೆ ಹಿಡಿಯುವುದೆಷ್ಟು ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. 45 ವ್ಯಾಟ್-ಗಂಟೆಯ ಬ್ಯಾಟರಿ ಈಗ 20 ಮಾತ್ರ ಹಿಡಿಯುತ್ತಿದ್ದರೆ ಯಾವ ಮಿತಿಯೂ ಹೆಚ್ಚಿನ ಪವಾಡ ಮಾಡಲಾರದು. ಹೂಳು ತುಂಬಿದ ಕೆರೆಗೆ ತೂಬಿನ ರಿಪೇರಿ ಪರಿಹಾರವಲ್ಲ. ಬ್ಯಾಟರಿ ಬದಲಿಸುವುದೇ ಲೇಸು. ಸಾಮರ್ಥ್ಯ ಚೆನ್ನಾಗಿದ್ದರೆ, ಒಂದು ದಿನ ಮಿತಿಯಿಲ್ಲದೆ, ಮರುದಿನ ಮಿತಿಯೊಂದಿಗೆ ಅದೇ ಕೆಲಸವನ್ನು ಬ್ಯಾಟರಿಯಲ್ಲಿ ಮಾಡಿ, ಶೇಕಡಾ ಎಷ್ಟು ಇಳಿಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಚೀಟಿಯಲ್ಲಿ ಬರೆದುಕೊಂಡರೆ ಸತ್ಯ ತಿಳಿಯುತ್ತದೆ.

ಜೊತೆಗೆ ಇರಬೇಕಾದ ವ್ಯವಸ್ಥೆ

ಲಿಥಿಯಂ-ಅಯಾನ್ ಬ್ಯಾಟರಿಗೆ ಶಾಖವೂ, ಸದಾ ಪೂರ್ತಿ ತುಂಬಿರುವುದೂ ಹಿತವಲ್ಲ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಯೇ ಇರುವ ಯಂತ್ರಗಳಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವನ್ನು ಹಲವು ತಯಾರಕರು ನೀಡಿದ್ದಾರೆ. ಅದರಿಂದ ಬ್ಯಾಟರಿಯ ಆಯುಷ್ಯ ಹೆಚ್ಚುತ್ತದೆ. ಆದರೆ ಗಡುವಿನ ದಿನ ಸಮೀಪಿಸಿ, ಗಾಳಿ-ಮಳೆಯ ಸೂಚನೆಯಿದ್ದಾಗ ಹಿಂದಿನ ರಾತ್ರಿಯೇ ಪೂರ್ತಿ ತುಂಬಿಸಿಕೊಳ್ಳುವುದು ವಿವೇಕ.

ವಿವರಪಟ್ಟಿ ಸಲ್ಲಿಸಲು ಅಂತರ್ಜಾಲವೂ ಬೇಕು. ಕರೆಂಟ್ ಹೋದರೆ ಬ್ರಾಡ್‌ಬ್ಯಾಂಡ್ ರೂಟರೂ ಆರುತ್ತದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಅಥವಾ ಮೊಬೈಲಿನ ಹಾಟ್‌ಸ್ಪಾಟ್ ಸಿದ್ಧವಿರದಿದ್ದರೆ ಲ್ಯಾಪ್‌ಟಾಪಿನಲ್ಲಿ ಉಳಿಸಿದ ವಿದ್ಯುತ್ತು ಗಡುವಿನ ದಿನ ನೆರವಾಗದು.

ಒಟ್ಟಿನಲ್ಲಿ, ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಹದವಾಗಿ ಇಳಿಸುವುದು ಭಾರದ ಕೆಲಸದವರಿಗೆ ಬಿಡಿಗಾಸಿನ ಖರ್ಚಿಲ್ಲದೆ ದೊರೆಯುವ ಲಾಭ. ಹಗುರ ಕೆಲಸದವರಿಗೆ ಅದು ಕೆಲವು ನಿಮಿಷಗಳ ಉಳಿತಾಯ. ಹಳೆಯ ಬ್ಯಾಟರಿಯವರಿಗೆ ಹಠಾತ್ ನಿಲುಗಡೆಯಿಂದ ಒಂದಿಷ್ಟು ರಕ್ಷಣೆ. ಅತಿಯಾಗಿ ಇಳಿಸಿದರೆ ಗಂಟೆ ಹೆಚ್ಚಿ ಕೆಲಸ ಕುಗ್ಗುತ್ತದೆ. ಶಿಕಾರಿಪುರ, ಸೊರಬದ ವರ್ತಕರು ಮಳೆಗಾಲ ಕಾಲಿಡುವ ಮುನ್ನವೇ, ಮೇ ತಿಂಗಳೊಳಗೆ, ತಮ್ಮ ಯಂತ್ರದ ಬ್ಯಾಟರಿ ವರದಿಯನ್ನು ತೆಗೆದು ನೋಡಿ, ಎರಡು ದಿನದ ಪರೀಕ್ಷೆ ಮಾಡಿಕೊಂಡರೆ ಜೂನ್ 11 ಮತ್ತು 20ರ ಗಡುವುಗಳನ್ನು ನಿಶ್ಚಿಂತೆಯಿಂದ ಎದುರಿಸಬಹುದು.